ಲಿಪಿಕಾರ ಚಪಡ

ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಅಶೋಕನ ಮೂರು ಶಾಸನಗಳಲ್ಲಿ ಜಟಿಂಗ ರಾಮೇಶ್ವರದ್ದೇ ಹೆಚ್ಚು ಸವೆದದ್ದು. 1892ರಲ್ಲಿ ಬಿ. ಎಲ್. ರೈಸ್ ಈ ಶಾಸನಗಳನ್ನು ಬೆಳಕಿಗೆ ತಂದರು. ಜಟಿಂಗದ ಬಂಡೆಗೆ ಜನರಿಟ್ಟ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವದು. ಅಳಿದ ಸಾಲುಗಳನ್ನು ಬ್ರಹ್ಮಗಿರಿ, ಸಿದ್ದಾಪುರಗಳ ಪಾಠದ ನೆರವಿನಿಂದಲೇ ತುಂಬಿಕೊಳ್ಳಬೇಕು.

ಆ ಪಾಠಗಳ ಮೊದಲ ಮಾತು ಧರ್ಮವನ್ನು ಕುರಿತದ್ದಲ್ಲ, ಕಛೇರಿಯ ಒಕ್ಕಣೆ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ದೊರೆಯ ಆಜ್ಞೆಯನ್ನು ದಾಟಿಸುತ್ತಾರೆ. ಉತ್ತರದ ರೂಪನಾಥ, ಸಹಸ್ರಾಮ್ ಪಾಠಗಳಲ್ಲಿ ಈ ಭಾಗವಿಲ್ಲ. ಎಂದರೆ, ಇಲ್ಲಿ ಆಜ್ಞೆಯೊಡನೆ ಬಂದ ರವಾನೆಪತ್ರವೂ ಬಂಡೆಯನ್ನೇರಿದೆ. ಇದನ್ನು ಅಚಾತುರ್ಯವೆಂದು ನಗುವವರಿದ್ದಾರೆ. ನನಗಂತೂ ಅದು ಭಾಗ್ಯವೆನಿಸುತ್ತದೆ. ಮೌರ್ಯರ ಕಾಗದಪತ್ರದ ವ್ಯವಹಾರ ದಕ್ಷಿಣದಲ್ಲಿ ಯಾವ ಮೆಟ್ಟಿಲುಗಳನ್ನಿಳಿದು ಬರುತ್ತಿತ್ತೆಂಬುದು ಆ ಒಂದೇ ಸಾಲಿನಿಂದ ತಿಳಿಯುತ್ತದೆ. ಇಸಿಲ ಕನ್ನಡ ಪದವೆಂದು ಡಿ. ಎಲ್. ನರಸಿಂಹಾಚಾರ್ ವಿವರಿಸಲು ಸಾಧ್ಯವಾದದ್ದೂ ಈ ವಿಳಾಸ ಉಳಿದುದರಿಂದಲೇ.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಹೆಸರು ಬ್ರಾಹ್ಮಿಯಲ್ಲಿದೆ, 'ಲಿಪಿಕಾರನಿಂದ' ಎಂಬರ್ಥದ ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ಗಂಧಾರದ ಕಡೆಯ ಈ ಲಿಪಿಯನ್ನು ಚಿನ್ನಹಗರಿಯ ಸೀಮೆಯಲ್ಲಿ ಓದಬಲ್ಲವರು ಯಾರಿದ್ದರು? ವಾಯವ್ಯದಲ್ಲಿ ಅಕ್ಷರ ಕಲಿತವನೊಬ್ಬನ ಬಿಂಕವಿದು ಎಂಬುದು ರೂಢಿಯ ವಿವರಣೆ. ಅದು ನನಗೆ ಒಪ್ಪಿಗೆಯಾಗದು. ಬಿಂಕದವನು ತನ್ನ ಹೆಸರನ್ನೇ ಆ ಲಿಪಿಯಲ್ಲಿ ಮೆರೆಸುತ್ತಿದ್ದ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಜೈನಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡ; ಅದು ಕವಿಯ ಹೆಮ್ಮೆ. ಚಪಡ ಪರಲಿಪಿಯಲ್ಲಿಟ್ಟದ್ದು ಹುದ್ದೆಯನ್ನು ಮಾತ್ರ.

ಅಶೋಕನ ಹದಿನಾಲ್ಕನೆಯ ಶಿಲಾಶಾಸನವನ್ನು ಇದರೊಡನೆ ಓದಬೇಕು. ಬರಹದಲ್ಲಿ ಕೊರತೆ ಕಂಡರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದೆಂದು ದೊರೆಯೇ ಅಲ್ಲಿ ಹೇಳಿಸಿದ್ದಾನೆ. ಆಜ್ಞೆ ಮೇಲಿನವರದು, ದೋಷ ಬರೆದವನದು. ಅಂಥ ವ್ಯವಸ್ಥೆಯಲ್ಲಿ ಹೆಸರು ಮತ್ತು ಹುದ್ದೆಯನ್ನು ಕಾಣಿಸುವುದೆಂದರೆ ಪ್ರತಿಗೆ ಹೊಣೆಯಾಗುವುದು. ಚಪಡನ ಖರೋಷ್ಠಿ ಊರವರಿಗಾಗಿ ಬರೆದದ್ದಲ್ಲ, ತನ್ನಂತೆಯೇ ಲಿಪಿ ಬಲ್ಲ ಇನ್ನೊಬ್ಬ ಅಧಿಕಾರಿ ಬಂದು ನೋಡಿದರೆ ಗುರುತಿಸಲೆಂದು ಹಾಕಿದ ರುಜು ಎಂಬುದು ನನ್ನ ಊಹೆ.