ವರ್ಚುವಲ್, ಆಗ್ಮೆಂಟೆಡ್ ಮತ್ತು ಮಿಕ್ಸ್ಡ್ ರಿಯಾಲಿಟಿ

ಕಂಪ್ಯೂಟರ್ ಸೃಷ್ಟಿಸಿದ ದೃಶ್ಯ ಮತ್ತು ಧ್ವನಿಗಳು ನಮ್ಮ ಸುತ್ತಲೇ ಇವೆ ಎಂಬ ಅನುಭವ ನೀಡುವ ಮೂರು ತಂತ್ರಜ್ಞಾನಗಳಿವು. ವರ್ಚುವಲ್ ರಿಯಾಲಿಟಿ ಅಥವಾ ವಿಆರ್ ನೈಜ ಪರಿಸರವನ್ನು ಪೂರ್ತಿ ಮರೆಮಾಡುತ್ತದೆ. ಆಗ್ಮೆಂಟೆಡ್ ರಿಯಾಲಿಟಿ ಅಥವಾ ಎಆರ್ ನೈಜ ನೋಟದ ಮೇಲೆ ಚಿತ್ರ, ಅಕ್ಷರ, ಗುರುತುಗಳನ್ನು ಸೇರಿಸುತ್ತದೆ. ಮಿಕ್ಸ್ಡ್ ರಿಯಾಲಿಟಿ ಅಥವಾ ಎಂಆರ್‌ನಲ್ಲಿ ಕೃತಕ ವಸ್ತುಗಳು ಸುತ್ತಲಿನ ಗೋಡೆ, ಮೇಜು, ಕೈಗಳಿಗೆ ಸ್ಪಂದಿಸುತ್ತವೆ. ಮೂರನ್ನೂ ಒಟ್ಟಾಗಿ ಎಕ್ಸ್‌ಆರ್ ಎನ್ನುತ್ತಾರೆ.

ಇತಿಹಾಸ

1968ರಲ್ಲಿ ಅಮೆರಿಕದ ಇವಾನ್ ಸದರ್ಲ್ಯಾಂಡ್ ತಲೆಗೆ ಧರಿಸುವ ಪ್ರದರ್ಶಕವೊಂದನ್ನು ರೂಪಿಸಿದರು. ತಲೆಯ ಚಲನೆಯನ್ನು ಅಳೆಯುವ ಅದರ ಯಾಂತ್ರಿಕ ತೋಳನ್ನು ಚಾವಣಿಗೆ ಜೋಡಿಸಲಾಗಿತ್ತು. ತೊಟ್ಟವರಿಗೆ ಎದುರಿನ ಕೋಣೆಯೂ ಅದರ ಮೇಲೆ ಮೂಡಿದ ರೇಖಾಕೃತಿಗಳೂ ಒಟ್ಟಿಗೇ ಕಾಣುತ್ತಿದ್ದುದರಿಂದ ವಿಆರ್ ಮತ್ತು ಎಆರ್ ಎರಡರ ಮೂಲವೂ ಇದೇ ಸಾಧನ. 1980ರ ದಶಕದಲ್ಲಿ ವಿಪಿಎಲ್ ರಿಸರ್ಚ್ ಸಂಸ್ಥೆಯ ಜರೋನ್ ಲೇನಿಯರ್ ವರ್ಚುವಲ್ ರಿಯಾಲಿಟಿ ಎಂಬ ಹೆಸರನ್ನು ಬಳಕೆಗೆ ತಂದರು. 1990ರ ದಶಕದ ಆರಂಭದಲ್ಲಿ ಬೋಯಿಂಗ್ ಸಂಸ್ಥೆಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್, ವಿಮಾನದ ತಂತಿಗಳನ್ನು ಜೋಡಿಸುವ ಕೆಲಸಗಾರರ ಕಣ್ಣೆದುರೇ ಸೂಚನೆಗಳನ್ನು ಮೂಡಿಸುವ ಪ್ರಯತ್ನದಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರನ್ನು ಬಳಸಿದರು.

1994ರಲ್ಲಿ ಪಾಲ್ ಮಿಲ್‌ಗ್ರಾಂ ಮತ್ತು ಫುಮಿಯೊ ಕಿಶಿನೊ ಇವುಗಳನ್ನೆಲ್ಲ ಒಂದೇ ಸರಣಿಯಲ್ಲಿ ಇರಿಸಿದರು. ಅದರ ಒಂದು ತುದಿ ಸಂಪೂರ್ಣ ನೈಜ ಪರಿಸರ, ಇನ್ನೊಂದು ಸಂಪೂರ್ಣ ಕೃತಕ ಪರಿಸರ. ನಡುವಿನದೆಲ್ಲ ಮಿಕ್ಸ್ಡ್ ರಿಯಾಲಿಟಿ. ಈ ವರ್ಗೀಕರಣದಲ್ಲಿ ಎಆರ್ ಕೂಡ ಎಂಆರ್‌ನ ಒಂದು ಭಾಗ. 2016ರಲ್ಲಿ ಮೈಕ್ರೋಸಾಫ್ಟ್‌ನ ಹೊಲೊಲೆನ್ಸ್ ಹೆಡ್‌ಸೆಟ್ ಬಂದ ಮೇಲೆ, ಪರಿಸರವನ್ನು ಗ್ರಹಿಸಿ ವರ್ತಿಸುವ ವ್ಯವಸ್ಥೆಗಳಿಗೆ ಮಾತ್ರ ಎಂಆರ್ ಎನ್ನುವ ರೂಢಿ ಉದ್ಯಮದಲ್ಲಿ ಬೆಳೆಯಿತು. ಇಂದು ಈ ಹೆಸರುಗಳ ಸುತ್ತ ಇರುವ ಗೊಂದಲಕ್ಕೆ ಈ ಎರಡು ಅರ್ಥಗಳೇ ಮುಖ್ಯ ಕಾರಣ.

ಕಾರ್ಯವಿಧಾನ

ವಿಆರ್ ಹೆಡ್‌ಸೆಟ್ ಪ್ರತಿ ಕಣ್ಣಿಗೂ ತುಸು ಭಿನ್ನವಾದ ಚಿತ್ರ ತೋರಿಸಿ ಆಳದ ಅನುಭವ ಹುಟ್ಟಿಸುತ್ತದೆ. ತಲೆ ತಿರುಗಿದ ಕೂಡಲೇ ಚಿತ್ರವೂ ಬದಲಾಗಬೇಕು. ತಡವಾದರೆ ತಲೆಸುತ್ತು, ವಾಕರಿಕೆ ಬರುತ್ತದೆ. ಆದ್ದರಿಂದ ಈ ವಿಳಂಬವನ್ನು ಸುಮಾರು 20 ಮಿಲಿಸೆಕೆಂಡ್‌ಗಳೊಳಗೆ ಇರಿಸುವುದು ವಿನ್ಯಾಸಕಾರರ ಗುರಿ.

ಎಆರ್‌ಗೆ ಮೊಬೈಲ್ ಫೋನ್ ಸಾಕು. 2016ರಲ್ಲಿ ಜನಪ್ರಿಯವಾದ ಪೋಕೆಮಾನ್ ಗೋ ಆಟ ಕ್ಯಾಮೆರಾ ತೋರಿಸುವ ಬೀದಿಯ ಮೇಲೆ ಪ್ರಾಣಿಗಳ ಚಿತ್ರವನ್ನು ಮೂಡಿಸುತ್ತಿತ್ತು. ಮೊದಮೊದಲು ಆ ಪ್ರಾಣಿ ನಿಜವಾದ ಮರದ ಹಿಂದೆ ಮರೆಯಾಗುತ್ತಿರಲಿಲ್ಲ. ಎಂಆರ್ ಈ ಕೊರತೆಯನ್ನು ತುಂಬುತ್ತದೆ: ಸಂವೇದಕಗಳು ಕೋಣೆಯ ಮೂರು ಆಯಾಮದ ನಕ್ಷೆ ಬಿಡಿಸುತ್ತವೆ, ಕೃತಕ ಚೆಂಡು ನಿಜವಾದ ಮೇಜಿನ ಮೇಲೆ ಪುಟಿದು ಅದರ ಹಿಂದೆ ಮರೆಯಾಗುತ್ತದೆ.

ಎಂಆರ್ ಸಾಧನಗಳಲ್ಲಿ ಎರಡು ಬಗೆ. ಹೊಲೊಲೆನ್ಸ್ ಪಾರದರ್ಶಕ ಮಸೂರದ ಮೇಲೆ ಬೆಳಕನ್ನು ಸೇರಿಸುತ್ತದೆ. ಹಿಂದಿನ ಬೆಳಕನ್ನು ತಡೆಯಲಾರದ ಕಾರಣ ಅದು ಕಪ್ಪು ಬಣ್ಣವನ್ನು ತೋರಿಸಲಾರದು. 2023ರ ಮೆಟಾ ಕ್ವೆಸ್ಟ್ 3 ಮತ್ತು 2024ರ ಆಪಲ್ ವಿಷನ್ ಪ್ರೊ ಕ್ಯಾಮೆರಾಗಳ ಮೂಲಕ ಹೊರಗಿನ ನೋಟವನ್ನು ಪರದೆಗೆ ತರುತ್ತವೆ.

ಬಳಕೆ ಮತ್ತು ಮಿತಿ

ಅಪಾಯವಿಲ್ಲದೆ ಅಭ್ಯಾಸ ಮಾಡಬೇಕಾದ ಕಡೆ ವಿಆರ್ ಉಪಯುಕ್ತ. ಶಸ್ತ್ರಚಿಕಿತ್ಸೆಯ ತರಬೇತಿ ಇದಕ್ಕೆ ಉದಾಹರಣೆ. ಕೊಳ್ಳುವ ಮುನ್ನ ಪೀಠೋಪಕರಣವನ್ನು ಮನೆಯಲ್ಲೇ ಇಟ್ಟು ನೋಡಲು ಎಆರ್, ಯಂತ್ರದ ದುರಸ್ತಿ ಮತ್ತು ಜೋಡಣೆಗೆ ಎಆರ್, ಎಂಆರ್ ಎರಡೂ ನೆರವಾಗುತ್ತವೆ. ಕರ್ನಾಟಕ ಸರ್ಕಾರ 2024–29ರ ಅವಧಿಗೆ ಪ್ರಕಟಿಸಿದ ನೀತಿ, ಅನಿಮೇಷನ್ ಮತ್ತು ಗೇಮಿಂಗ್ ಜೊತೆಗೆ ಎಕ್ಸ್‌ಆರ್ ಅನ್ನೂ ಒಳಗೊಂಡಿದೆ. ಹೆಡ್‌ಸೆಟ್‌ನ ಭಾರ, ಬೆಲೆ ಮತ್ತು ಕಣ್ಣಿನ ಆಯಾಸ ಇನ್ನೂ ಬಗೆಹರಿಯದ ತೊಡಕುಗಳು. ಮನೆಯ ಒಳಾಂಗಣವನ್ನೇ ನಕ್ಷೆ ಮಾಡುವ ಕ್ಯಾಮೆರಾಗಳಿಂದ ಖಾಸಗಿತನಕ್ಕೆ ಎದುರಾಗುವ ಆತಂಕವೂ ಗಂಭೀರವಾದುದು.

ಈಗಿನ ಹಲವು ಹೆಡ್‌ಸೆಟ್‌ಗಳು ವಿಆರ್ ಮತ್ತು ಎಂಆರ್ ಎರಡನ್ನೂ ಒದಗಿಸುತ್ತವೆ. ಆದ್ದರಿಂದ ಈ ಮೂರರ ವ್ಯತ್ಯಾಸವನ್ನು ಸಾಧನ ನೋಡಿ ನಿರ್ಧರಿಸಲಾಗದು. ಕೃತಕ ದೃಶ್ಯಕ್ಕೂ ನೈಜ ಪರಿಸರಕ್ಕೂ ಇರುವ ಸಂಬಂಧವೇ ಅದನ್ನು ನಿರ್ಧರಿಸುತ್ತದೆ.