ಗುಳಿಗೆ ಕೊಟ್ಟರೆ ಸಾಲದು: ಎಚ್‌ಐವಿ ಆರೈಕೆ ನಡೆದುಬಂದ ಹಾದಿ

ಎಚ್‌ಐವಿ ಆರೈಕೆಯ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಔಷಧಗಳ ಚರಿತ್ರೆ ಬರೆದು ಏಳುತ್ತಾರೆ. 1987ರಲ್ಲಿ ಝಿಡೊವುಡಿನ್ ಬಂತು, 1996ರಲ್ಲಿ ಮೂರು ಔಷಧಗಳನ್ನು ಜೊತೆಗೂಡಿಸಿದ ಚಿಕಿತ್ಸೆ ಬಂತು. ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರಿದ್ದ ಆ ಚಿಕಿತ್ಸೆಯನ್ನು 2001ರಲ್ಲಿ ಮುಂಬೈನ ಔಷಧ ಕಂಪನಿ ಸಿಪ್ಲಾ 350 ಡಾಲರಿಗೆ ಕೊಡಲು ಮುಂದಾಯಿತು. ಇದೆಲ್ಲ ನಿಜ, ಆದರೆ ಅರ್ಧ ನಿಜ. ಔಷಧವೇ ಇಲ್ಲದ ಕಾಲದಲ್ಲೂ ಆರೈಕೆಯಿತ್ತು: 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯ ಪ್ರತ್ಯೇಕ ವಾರ್ಡ್, 1987ರಲ್ಲಿ ಉಗಾಂಡದಲ್ಲಿ ನೊಯೆರಿನ್ ಕಲೀಬ ಕಟ್ಟಿದ ಟಾಸೊ ಸಂಸ್ಥೆ, 1990ರ ದಶಕದ ಬೆಂಗಳೂರಿನಲ್ಲಿ ಸಂರಕ್ಷ, ಸ್ನೇಹದಾನದಂಥ ಸಂಸ್ಥೆಗಳು. ಸಾಯುವವರ ಜೊತೆ ಕೂರುವುದು, ಮನೆಯವರನ್ನು ಒಪ್ಪಿಸುವುದು, ಕೆಲಸ ಹೋಗದಂತೆ ನೋಡಿಕೊಳ್ಳುವುದು ಅವರ ದಿನಚರಿಯಾಗಿತ್ತು. ಮಾತ್ರೆ ಕೈಗೆ ಬಂದಾಗ ಅದನ್ನು ಜೀವನಪೂರ್ತಿ ನುಂಗಿಸಲು ನೆರವಾದದ್ದು ಈ ಕಸುಬೇ. ಈ ಕ್ಷೇತ್ರದ ನಿಜವಾದ ಬೆಳವಣಿಗೆ ಔಷಧಗಳಿಗಿಂತ ಹೆಚ್ಚಾಗಿ ಮನುಷ್ಯರನ್ನು ಚಿಕಿತ್ಸೆಯೊಳಗೆ ಉಳಿಸಿಕೊಳ್ಳುವ ವಿದ್ಯೆಯಲ್ಲಿದೆ ಎಂಬುದು ನನ್ನ ವಾದ.

ಬಡದೇಶಗಳಲ್ಲಿ ಇದು ಆಗದ ಮಾತು ಎಂದವರೂ ಇದ್ದರು. 2001ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ನಾಟ್ಸಿಯೋಸ್, ಆಫ್ರಿಕದ ಅನೇಕರಿಗೆ ಗಡಿಯಾರದ ಹೊತ್ತೇ ಗೊತ್ತಿಲ್ಲ, ವೇಳೆಗೆ ಸರಿಯಾಗಿ ಮಾತ್ರೆ ಹೇಗೆ ತೆಗೆದುಕೊಂಡಾರು ಎಂಬರ್ಥದ ಮಾತಾಡಿದರು. ಐದು ವರ್ಷಗಳಲ್ಲೇ ಉತ್ತರ ಬಂತು. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹಾರದ ದಕ್ಷಿಣದ ಆಫ್ರಿಕದಲ್ಲಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಶೇ. 77ರಷ್ಟಿದ್ದರೆ ಉತ್ತರ ಅಮೆರಿಕದಲ್ಲಿ ಶೇ. 55. ಹಾಗೆಂದು ಸಂಭ್ರಮಿಸಲೂ ಆಗಲಿಲ್ಲ. ಮರುವರ್ಷದ ಇನ್ನೊಂದು ಸಮೀಕ್ಷೆಯ ಪ್ರಕಾರ ಆಫ್ರಿಕದ ಕಾರ್ಯಕ್ರಮಗಳಲ್ಲಿ ಎರಡು ವರ್ಷದ ಹೊತ್ತಿಗೆ ಉಳಿದಿದ್ದವರು ನೂರಕ್ಕೆ ಅರವತ್ತು ಮಂದಿ ಮಾತ್ರ. ಎರಡನ್ನೂ ಸೇರಿಸಿ ಓದಿದರೆ ಸಮಸ್ಯೆಯ ಜಾಗ ಕಾಣುತ್ತದೆ: ಕೇಂದ್ರಕ್ಕೆ ಬರುತ್ತಿದ್ದವರು ಶಿಸ್ತಿನಿಂದ ನುಂಗುತ್ತಿದ್ದರು, ಬರುವುದನ್ನು ನಿಲ್ಲಿಸಿದವರನ್ನು ಹುಡುಕುವವರಿರಲಿಲ್ಲ.

ನಮ್ಮಲ್ಲಿ ಉಚಿತ ಎಆರ್‌ಟಿ (ವೈರಾಣುವನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಆರಂಭವಾದದ್ದು 2004ರ ಏಪ್ರಿಲ್ 1ರಂದು, ಸೋಂಕು ಹೆಚ್ಚಿದ್ದ ರಾಜ್ಯಗಳ ಮತ್ತು ದೆಹಲಿಯ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಎಆರ್‌ಟಿ ಕೇಂದ್ರದ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಪ್ರತಿಯೊಬ್ಬರ ಹೆಸರಿನಲ್ಲಿ ಕೇಂದ್ರದಲ್ಲೊಂದು ವೈಟ್ ಕಾರ್ಡ್ ಎಂಬ ಚಿಕಿತ್ಸಾ ದಾಖಲೆ, ಅವರ ಕೈಯಲ್ಲೊಂದು ಗ್ರೀನ್ ಬುಕ್ ಎಂಬ ಪುಸ್ತಕ. ಬರುವಾಗ ಉಳಿದ ಮಾತ್ರೆಗಳ ಸಮೇತ ಡಬ್ಬಿ ತರಬೇಕು. ಆಪ್ತಸಮಾಲೋಚಕರು ಅವನ್ನು ಎಣಿಸುತ್ತಾರೆ. ಎರಡೋ ಮೂರೋ ಉಳಿದಿರಬೇಕಾದಲ್ಲಿ ಹತ್ತು ಉಳಿದಿದ್ದರೆ ಮಾತು ಅಲ್ಲಿಂದ ಶುರುವಾಗುತ್ತದೆ: ಕೂಲಿ ತಪ್ಪಿತೇ, ಊರಿಗೆ ಹೋಗಿದ್ದಿರೇ, ಅತ್ತೆ ಮನೆಯಲ್ಲಿ ಡಬ್ಬಿ ತೆರೆಯಲು ಆಗಲಿಲ್ಲವೇ? ಸಿಬ್ಬಂದಿಯಲ್ಲಿ ಸ್ವತಃ ಸೋಂಕಿತರಾದವರೊಬ್ಬರು ಇರುವುದೂ ಇದಕ್ಕೇ. ಗುಟ್ಟು ಬಿಟ್ಟುಕೊಡಲು ಹೆದರುವವರು ವೈದ್ಯರಿಗಿಂತ ಮೊದಲು ಅವರ ಹತ್ತಿರ ಬಾಯಿಬಿಡುತ್ತಾರೆ. ಆ ದಿನಗಳಲ್ಲಿ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧ ಕೆನ್ನೆಯ ಕೊಬ್ಬನ್ನು ಕರಗಿಸಿ ಮುಖವನ್ನೇ ಗುಳಿಬೀಳಿಸುತ್ತಿತ್ತು. ಜೀವ ಉಳಿಸಿದ ಮಾತ್ರೆಯೇ ಗುಟ್ಟು ರಟ್ಟು ಮಾಡುತ್ತಿತ್ತು ಎನ್ನಬೇಕು. ಈ ವ್ಯವಸ್ಥೆಯ ದೊಡ್ಡ ತೂತು ಬೇರೆ ಕಡೆಯಿತ್ತು. ಆರಂಭದಲ್ಲಿ ಚಿಕಿತ್ಸೆ ಮುಖ್ಯವಾಗಿ ಸಿಡಿ4 (ರೋಗನಿರೋಧಕ ಕೋಶಗಳ) ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ. ಉಳಿದವರಿಗೆ ‘ಆರು ತಿಂಗಳು ಬಿಟ್ಟು ಬನ್ನಿ’. ಮೈಯಲ್ಲಿ ಏನೂ ತೊಂದರೆಯಿಲ್ಲದವರು ದಿನದ ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಹಾಕಿಕೊಂಡು ಯಾಕೆ ಬರಬೇಕು? ಎಷ್ಟೋ ಮಂದಿ ಮತ್ತೆ ಬಂದದ್ದು ಕ್ಷಯ ಹತ್ತಿಸಿಕೊಂಡು. ಮಿತಿ ಹಂತಹಂತವಾಗಿ 350, 500 ಎಂದು ಏರಿ, 2017ರಲ್ಲಿ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಎಂದಾಯಿತು. ಇದನ್ನು ವೈದ್ಯಕೀಯ ನಿರ್ಧಾರವೆಂದು ಮಾತ್ರ ನೋಡಬಾರದು. ಕಾಯಿಸಿ ಕಳೆದುಕೊಳ್ಳುವ ಪದ್ಧತಿಗೂ ಅದು ತೆರೆ ಎಳೆಯಿತು.

ಜನ ಹೆಚ್ಚಿದಂತೆ ಎಲ್ಲರನ್ನೂ ಪ್ರತಿ ತಿಂಗಳು ಸಾಲಿನಲ್ಲಿ ನಿಲ್ಲಿಸುವುದು ಅರ್ಥಹೀನವೆನಿಸಿತು. ಮೊಝಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ 2008ರಿಂದ ಆರು ಜನರ ಗುಂಪುಗಳು ಸರದಿಯ ಮೇಲೆ ಒಬ್ಬರನ್ನು ಆಸ್ಪತ್ರೆಗೆ ಕಳಿಸಿ ಎಲ್ಲರ ಔಷಧ ತರಿಸಿಕೊಂಡವು. ಉಗಾಂಡದ ಜಿಂಜಾದಲ್ಲಿ ವೈದ್ಯರೂ ನರ್ಸುಗಳೂ ಅಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಬೈಕಿನಲ್ಲಿ ಮನೆಮನೆಗೆ ಔಷಧ ಒಯ್ದರು. ಅರ್ಹತೆಯಿಲ್ಲದವರ ಕೈಗೆ ಇಂಥ ಚಿಕಿತ್ಸೆ ಕೊಡಬಹುದೇ ಎಂಬ ಆಕ್ಷೇಪಕ್ಕೆ ಅಲ್ಲಿನ ಅಧ್ಯಯನ 2009ರಲ್ಲಿ ನೇರ ಉತ್ತರ ಕೊಟ್ಟಿತು: ವೈರಾಣು ಹತೋಟಿಯಲ್ಲಿ ಆಸ್ಪತ್ರೆಗೂ ಮನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ರೋಗಿಯ ಕೈಯ ಖರ್ಚು ಮಾತ್ರ ಇಳಿದಿತ್ತು. ನಮ್ಮಲ್ಲಿ ದೂರದ ಊರಿನವರಿಗೆ ಹತ್ತಿರದಲ್ಲೇ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಕೇಂದ್ರಗಳು ಬಂದವು. ಹಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ಕ್ರಮ ಕೋವಿಡ್ ಕಾಲದಲ್ಲಿ ಬಲವಾಯಿತು.

ಈಗಿನ ಗಟ್ಟಿಯಾದ ಆಕ್ಷೇಪ ಬೇರೆ. ದಿನಕ್ಕೊಂದು ಮಾತ್ರೆ, ಅಡ್ಡಪರಿಣಾಮವೂ ಕಡಿಮೆ. ಸಕ್ಕರೆ ಕಾಯಿಲೆಯವರಿಗಿಲ್ಲದ ಪ್ರತ್ಯೇಕ ಕೇಂದ್ರ, ಪ್ರತ್ಯೇಕ ಸಿಬ್ಬಂದಿ ಎಚ್‌ಐವಿ ಸೋಂಕಿತರಿಗೇಕೆ? ಅರ್ಧದಷ್ಟು ಒಪ್ಪತಕ್ಕ ಮಾತು. ಚಿಕಿತ್ಸೆಯ ಮೇಲೆ ಬದುಕಿ ವಯಸ್ಸಾಗುತ್ತಿರುವ ಸೋಂಕಿತರಿಗೆ ಬಿ.ಪಿ., ಸಕ್ಕರೆ ಅಂಟಿಕೊಳ್ಳುತ್ತಿವೆ. ಒಂದೇ ಸೂರಿನಡಿ ಎಲ್ಲ ಸಿಗುವುದು ಅವರಿಗೇ ಅನುಕೂಲ. ಆದರೆ ಸಕ್ಕರೆ ಕಾಯಿಲೆಯೆಂದು ಯಾರೂ ಸೊಸೆಯನ್ನು ಮನೆಯಿಂದ ಹೊರಹಾಕುವುದಿಲ್ಲ. ತಾರತಮ್ಯವನ್ನು ನಿಷೇಧಿಸಿ ಗೋಪ್ಯತೆಗೆ ರಕ್ಷಣೆ ಕೊಡುವ ಕಾನೂನು 2017ರಲ್ಲಿ ಬೇಕಾಗಿ ಬಂದದ್ದೂ ಇದೇ ಕಾರಣಕ್ಕೆ. ಸಿಬ್ಬಂದಿಯನ್ನು ಕಳಚಿದರೆ ಏನಾಗುತ್ತದೆಂಬುದನ್ನು 2025ರ ಆರಂಭದಲ್ಲಿ ಅಮೆರಿಕದ ನೆರವು ಏಕಾಏಕಿ ನಿಂತಾಗ ದಕ್ಷಿಣ ಆಫ್ರಿಕ ಕಂಡಿತು. ಅಲ್ಲಿ ಔಷಧ ಕೊಳ್ಳುವುದು ಬಹುಮಟ್ಟಿಗೆ ಸ್ವಂತ ಸರ್ಕಾರವೇ. ಹೋದದ್ದು ಬಿಟ್ಟುಹೋದವರನ್ನು ಹುಡುಕಿ ಕರೆತರುತ್ತಿದ್ದ ಕಾರ್ಯಕರ್ತರು, ದಾಖಲೆ ತುಂಬುತ್ತಿದ್ದವರು. ಕಪಾಟಿನಲ್ಲಿ ಮಾತ್ರೆಯಿದ್ದರೂ ಯಾರು ಬಂದಿಲ್ಲವೆಂದು ಹೇಳುವವರು ಕಡಿಮೆಯಾದರು. ಹೀಗಾಗಿ ವಿಲೀನವೆಂದರೆ ಔಷಧದ ಕೌಂಟರ್, ಪ್ರಯೋಗಾಲಯ, ವೈದ್ಯರು ಒಂದಾಗಲಿ. ಆಪ್ತಸಮಾಲೋಚಕರೂ ಸೋಂಕಿತ ಕಾರ್ಯಕರ್ತರೂ ಆ ಹೊಸ ಸೂರಿನಡಿ ಮೊದಲು ಭರ್ತಿಯಾಗುವ ಹುದ್ದೆಗಳಾಗಲಿ. ಎಆರ್‌ಟಿ ಆರಂಭವಾಗಿ ಎರಡು ದಶಕ ಕಳೆದರೂ ನಮ್ಮ ಕೇಂದ್ರಗಳಲ್ಲಿ ಈ ಕೆಲಸ ಮಾಡುವವರು ಗುತ್ತಿಗೆ ನೌಕರರಾಗಿಯೇ ಉಳಿದಿದ್ದಾರೆ.