ವಿಮಾನ ಪ್ರಯಾಣದಲ್ಲಿ ಗಾಯ ಮತ್ತು ಪರಿಹಾರ: ಕಾನೂನಿನ ಇತಿಹಾಸ

ವಿಮಾನದೊಳಗೆ, ವಿಮಾನ ಹತ್ತಿಳಿಯುವಾಗ ಅಥವಾ ನಿಲ್ದಾಣದ ಆವರಣದಲ್ಲಿ ಗಾಯಗೊಂಡ ಪ್ರಯಾಣಿಕರಿಗೆ, ಮೃತಪಟ್ಟವರ ಅವಲಂಬಿತರಿಗೆ ಪರಿಹಾರ ಕೊಡಿಸುವ ಕಾನೂನು ರೂಪುಗೊಂಡು ಸುಮಾರು ಒಂದು ಶತಮಾನವಾಗಿದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೊದಲು 1929ರ ವಾರ್ಸಾ ಒಪ್ಪಂದ, ಬಳಿಕ 1999ರ ಮಾಂಟ್ರಿಯಲ್ ಒಪ್ಪಂದ ಆಧಾರವಾದವು. ಭಾರತದಲ್ಲಿ 1972ರ ವಾಯು ಸಾಗಣೆ ಕಾಯ್ದೆಯ ಮೂಲಕ ಇವು ಜಾರಿಯಲ್ಲಿವೆ. ನಿಲ್ದಾಣದ ಕಟ್ಟಡದಲ್ಲಿ ಆದ ಗಾಯಗಳಿಗೆ ಸಾಮಾನ್ಯವಾಗಿ ನಿರ್ಲಕ್ಷ್ಯದ ಕಾನೂನು ಮತ್ತು ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತವೆ. ಹಾರಾಟದ ಅಪಾಯವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆರಂಭದಲ್ಲಿ ಪ್ರಯಾಣಿಕನ ಹೆಗಲ ಮೇಲಿದ್ದ ಆ ಹೊರೆ ಹಂತಹಂತವಾಗಿ ವಿಮಾನಯಾನ ಸಂಸ್ಥೆಯ ಕಡೆಗೆ ಸರಿದಿದೆ.

ವಾರ್ಸಾ ಒಪ್ಪಂದ

ಮೊದಲ ಮಹಾಯುದ್ಧದ ನಂತರ ಯುರೋಪಿನ ಪ್ರಯಾಣಿಕ ವಿಮಾನಗಳು ಗಡಿ ದಾಟಿ ಹಾರತೊಡಗಿದಾಗ, ಅಪಘಾತವಾದರೆ ಯಾವ ದೇಶದ ಕಾನೂನು ನಡೆಯಬೇಕು ಎಂಬ ಗೊಂದಲ ಎದುರಾಯಿತು. 1929ರ ಅಕ್ಟೋಬರ್ 12ರಂದು ವಾರ್ಸಾ ನಗರದಲ್ಲಿ ಸಹಿಯಾಗಿ 1933ರ ಫೆಬ್ರುವರಿ 13ರಂದು ಜಾರಿಗೆ ಬಂದ ಒಪ್ಪಂದ ಇದಕ್ಕೆ ಒಂದೇ ನಿಯಮಾವಳಿ ಒದಗಿಸಿತು. ಅದರ ತಿರುಳು ಒಂದು ಕೊಡುಕೊಳ್ಳುವಿಕೆ. ಸಂಸ್ಥೆಯ ತಪ್ಪನ್ನು ಪ್ರಯಾಣಿಕ ಸಾಬೀತು ಮಾಡಬೇಕಿರಲಿಲ್ಲ. ಅಗತ್ಯವಾದ ಎಲ್ಲ ಎಚ್ಚರಿಕೆ ವಹಿಸಿದ್ದೆನೆಂದು ಸಂಸ್ಥೆಯೇ ತೋರಿಸಬೇಕಿತ್ತು. ಇದಕ್ಕೆ ಬದಲಾಗಿ ಪರಿಹಾರಕ್ಕೆ 1,25,000 ಚಿನ್ನದ ಫ್ರಾಂಕುಗಳ ಮಿತಿ ಬಿತ್ತು; ಅಮೆರಿಕದ ನಾಣ್ಯದಲ್ಲಿ ಇದನ್ನು ಸುಮಾರು 8,300 ಡಾಲರ್ ಎಂದು ಲೆಕ್ಕ ಹಾಕುತ್ತಿದ್ದರು. ಸಂಸ್ಥೆ ಉದ್ದೇಶಪೂರ್ವಕವಾಗಿ ತಪ್ಪೆಸಗಿದ್ದು ಸಾಬೀತಾದರೆ ಮಿತಿ ಕಳಚುತ್ತಿತ್ತು. ಆಗಷ್ಟೇ ಕಾಲೂರುತ್ತಿದ್ದ ಉದ್ಯಮ ಒಂದೇ ದುರಂತದಿಂದ ದಿವಾಳಿಯಾಗಬಾರದು ಎಂಬ ಕಾಳಜಿ ಈ ಮಿತಿಯ ಹಿಂದಿತ್ತು.

ಉದ್ಯಮ ಬೆಳೆದಂತೆ ಈ ಸಮರ್ಥನೆ ದುರ್ಬಲವಾಯಿತು. 1955ರ ಹೇಗ್ ಪ್ರೋಟೋಕಾಲ್ ಮಿತಿಯನ್ನು 2,50,000 ಫ್ರಾಂಕುಗಳಿಗೆ ದ್ವಿಗುಣಗೊಳಿಸಿದರೂ ಅಮೆರಿಕಕ್ಕೆ ಅದು ಸಾಕೆನಿಸಲಿಲ್ಲ. 1965ರಲ್ಲಿ ಆ ದೇಶ ಒಪ್ಪಂದದಿಂದ ಹೊರಬರುವ ನೋಟಿಸು ಕೊಟ್ಟಿತು. ಅಮೆರಿಕವನ್ನು ಮುಟ್ಟುವ ಪ್ರಯಾಣಗಳಿಗೆ 75,000 ಡಾಲರ್ ಮಿತಿಯನ್ನು ವಿಮಾನ ಸಂಸ್ಥೆಗಳು 1966ರಲ್ಲಿ ಒಪ್ಪಿಕೊಂಡ ಮೇಲೆಯೇ ನೋಟಿಸು ವಾಪಸಾಯಿತು. ಹೀಗೆ, ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತವರ ಜೀವಕ್ಕೂ ಟಿಕೆಟ್ಟಿನ ಮೇಲಿನ ಊರುಗಳನ್ನು ನೋಡಿ ಬೇರೆ ಬೇರೆ ಮೊತ್ತ ನಿಗದಿಯಾಗುವ ಸ್ಥಿತಿ ದಶಕಗಳ ಕಾಲ ಮುಂದುವರಿಯಿತು.

ಭಾರತದಲ್ಲಿ

ಬ್ರಿಟಿಷ್ ಆಡಳಿತದಲ್ಲಿ ಬಂದ 1934ರ ಭಾರತೀಯ ವಾಯು ಸಾಗಣೆ ಕಾಯ್ದೆ ವಾರ್ಸಾ ನಿಯಮಗಳನ್ನು ಇಲ್ಲಿ ಜಾರಿಗೊಳಿಸಿತು. ಆದರೆ ಅದು ಅಂತರರಾಷ್ಟ್ರೀಯ ಪ್ರಯಾಣಕ್ಕೆ ಸಂಬಂಧಿಸಿದ ಕಾನೂನು; ದೇಶದೊಳಗಿನ ಹಾರಾಟಕ್ಕೆ ವಿಸ್ತರಿಸಲು ಸರ್ಕಾರದ ಅಧಿಸೂಚನೆ ಬೇಕಿತ್ತು. ಅಂಥ ರಕ್ಷಣೆ ಇಲ್ಲದಿದ್ದಾಗ ಪ್ರಯಾಣಿಕನ ಪಾಡೇನಾಗುತ್ತಿತ್ತು ಎಂಬುದನ್ನು ನಾಗಪುರದ ಪ್ರಕರಣ ತೋರಿಸಿತು. 1953ರ ಡಿಸೆಂಬರ್ 12ರಂದು ರಾತ್ರಿ ಅಂಚೆ ಸೇವೆಯ ಡಕೋಟಾ ವಿಮಾನ ಅಲ್ಲಿ ಅಪಘಾತಕ್ಕೀಡಾಯಿತು. ಮೃತ ಪ್ರಯಾಣಿಕರೊಬ್ಬರ ಪತ್ನಿ ಹೂಡಿದ ದಾವೆಯಲ್ಲಿ ಕಲ್ಕತ್ತಾ ಹೈಕೋರ್ಟ್, ಟಿಕೆಟ್ಟಿನಲ್ಲಿ ಅಚ್ಚಾಗಿದ್ದ 'ಸಂಸ್ಥೆ ಹೊಣೆಯಲ್ಲ' ಎಂಬ ಷರತ್ತು ಊರ್ಜಿತವೆಂದು ಹೇಳಿತು. ಕುಟುಂಬಕ್ಕೆ ಪರಿಹಾರ ಸಿಗಲಿಲ್ಲ.

1972ರ ವಾಯು ಸಾಗಣೆ ಕಾಯ್ದೆ ಹಳೆಯ ಕಾನೂನನ್ನು ತೆಗೆದುಹಾಕಿ ವಾರ್ಸಾ ಮತ್ತು ಹೇಗ್ ನಿಯಮಗಳನ್ನು ಅನುಸೂಚಿಗಳಾಗಿ ಸೇರಿಸಿಕೊಂಡಿತು. ಅದರ ಕೆಳಗೆ ಹೊರಟ ಅಧಿಸೂಚನೆಗಳು ದೇಶೀಯ ಪ್ರಯಾಣಕ್ಕೂ ಹೊಣೆಗಾರಿಕೆ ಗೊತ್ತುಮಾಡಿದವು. 1998ರಲ್ಲಿ ಈ ಮೊತ್ತ 12 ವರ್ಷ ದಾಟಿದವರಿಗೆ 7.5 ಲಕ್ಷ ರೂಪಾಯಿ, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅದರ ಅರ್ಧವಾಗಿತ್ತು. 2014ರಲ್ಲಿ ಅದನ್ನು 20 ಲಕ್ಷಕ್ಕೆ ಏರಿಸಲಾಯಿತು.

ಯಾವುದು 'ಅಪಘಾತ'?

ವಾರ್ಸಾ ಒಪ್ಪಂದದ 17ನೇ ವಿಧಿ ವಿಮಾನದೊಳಗೆ ಅಥವಾ ಹತ್ತಿಳಿಯುವ ಹೊತ್ತಿನಲ್ಲಿ ನಡೆದ 'ಅಪಘಾತ'ದಿಂದ ಉಂಟಾದ ಸಾವು ಅಥವಾ ದೈಹಿಕ ಗಾಯಕ್ಕೆ ಮಾತ್ರ ಪರಿಹಾರ ಕೊಡುತ್ತದೆ. ಹೀಗಾಗಿ ಬಹುಪಾಲು ವ್ಯಾಜ್ಯಗಳು ಈ ವಿಧಿಯ ಪದಗಳ ಸುತ್ತಲೇ ನಡೆದಿವೆ.

1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏರ್ ಫ್ರಾನ್ಸ್ ಪ್ರಕರಣವೊಂದರಲ್ಲಿ ಇಂದಿಗೂ ಬಳಕೆಯಲ್ಲಿರುವ ಒರೆಗಲ್ಲನ್ನು ಕೊಟ್ಟಿತು: ಅಪಘಾತವೆಂದರೆ ಪ್ರಯಾಣಿಕನ ದೇಹದ ಹೊರಗೆ ನಡೆದ ಅನಿರೀಕ್ಷಿತ ಅಥವಾ ಅಸಹಜ ಘಟನೆ. ಆ ಪ್ರಕರಣದಲ್ಲಿ ವಿಮಾನ ಇಳಿಯುವಾಗ ಕ್ಯಾಬಿನ್ನಿನ ಗಾಳಿಯೊತ್ತಡ ಎಂದಿನಂತೆಯೇ ಬದಲಾಗಿತ್ತು. ಆದ್ದರಿಂದ ಒಂದು ಕಿವಿಯ ಶ್ರವಣಶಕ್ತಿ ಕಳೆದುಕೊಂಡ ಮಹಿಳೆಗೆ ಪರಿಹಾರ ದಕ್ಕಲಿಲ್ಲ. 2004ರ ಒಲಿಂಪಿಕ್ ಏರ್‌ವೇಸ್ ಪ್ರಕರಣದಲ್ಲಿ ಫಲಿತಾಂಶ ಬೇರೆಯಾಯಿತು. ಉಬ್ಬಸವಿದ್ದ ಪ್ರಯಾಣಿಕರೊಬ್ಬರನ್ನು ಧೂಮಪಾನಿಗಳ ಸಾಲಿನಿಂದ ದೂರ ಕೂರಿಸುವಂತೆ ಅವರ ಪತ್ನಿ ಮತ್ತೆ ಮತ್ತೆ ಬೇಡಿಕೊಂಡರೂ ಸಿಬ್ಬಂದಿ ಒಪ್ಪಿರಲಿಲ್ಲ. ಅವರು ವಿಮಾನದಲ್ಲೇ ಸಾವಿಗೀಡಾದರು. ಸಿಬ್ಬಂದಿಯ ಆ ನಿರಾಕರಣೆಯೂ ಅಪಘಾತದ ಕೊಂಡಿಯೇ ಎಂದು ನ್ಯಾಯಾಲಯ ಹೇಳಿತು. 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಪಕ್ಕದವರ ಟ್ರೇಯಿಂದ ಬಿಸಿ ಕಾಫಿ ಚೆಲ್ಲಿ ಮಗುವೊಂದಕ್ಕೆ ಸುಟ್ಟಗಾಯವಾದದ್ದೂ ಅಪಘಾತವೇ, ಅದಕ್ಕೆ ಹಾರಾಟದ ವಿಶೇಷ ಅಪಾಯ ಕಾರಣವಾಗಿರಬೇಕಿಲ್ಲ ಎಂದು ತೀರ್ಪಿತ್ತಿತು.

'ಹತ್ತಿಳಿಯುವುದು' ಎಂಬುದರ ವ್ಯಾಪ್ತಿಯೂ ಕಾಲಕ್ರಮದಲ್ಲಿ ಹಿಗ್ಗಿತು. 1973ರ ಆಗಸ್ಟ್‌ನಲ್ಲಿ ಅಥೆನ್ಸ್ ನಿಲ್ದಾಣದಲ್ಲಿ ಭಯೋತ್ಪಾದಕರು ದಾಳಿ ನಡೆಸಿದಾಗ ಪ್ರಯಾಣಿಕರು ವಿಮಾನದ ಬಳಿಗೂ ಹೋಗಿರಲಿಲ್ಲ. ಭದ್ರತಾ ತಪಾಸಣೆಯ ಸಾಲಿನಲ್ಲಿದ್ದರು. ವಿಮಾನ ಹತ್ತಲು ಕಡ್ಡಾಯವಾದ ಕ್ರಮವನ್ನು ಸಂಸ್ಥೆಯ ಸೂಚನೆಯಂತೆ ಪಾಲಿಸುತ್ತಿದ್ದರಿಂದ ಅವರು ಹತ್ತುತ್ತಿದ್ದವರೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಪರಿಗಣಿಸಿತು. ಪ್ರಯಾಣಿಕ ಎಲ್ಲಿದ್ದ, ಏನು ಮಾಡುತ್ತಿದ್ದ, ಯಾರ ಹತೋಟಿಯಲ್ಲಿದ್ದ ಎಂಬ ಮೂರು ಪ್ರಶ್ನೆಗಳು ಅಲ್ಲಿಂದ ಮುಂದೆ ನೆಲೆನಿಂತವು.

ಮಾನಸಿಕ ಆಘಾತದ ವಿಷಯದಲ್ಲಿ ಕಾನೂನು ಬಹುಕಾಲ ಬಿಗಿಯಾಗಿತ್ತು. ದೈಹಿಕ ಗಾಯವಿಲ್ಲದ ಭಯ, ಯಾತನೆಗಳಿಗೆ ಪರಿಹಾರವಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ವೈದ್ಯಕೀಯವಾಗಿ ದೃಢಪಟ್ಟು, ಚಿಕಿತ್ಸೆಯಿಲ್ಲದೆ ವಾಸಿಯಾಗದಷ್ಟು ತೀವ್ರವಾದ ಮಾನಸಿಕ ಹಾನಿಯೂ ದೈಹಿಕ ಗಾಯಕ್ಕೆ ಸಮ ಎಂದು ಯುರೋಪಿಯನ್ ನ್ಯಾಯಾಲಯ 2022ರಲ್ಲಿ ಒಪ್ಪಿತು.

ಮಾಂಟ್ರಿಯಲ್ ಒಪ್ಪಂದ

1999ರ ಮೇ 28ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಸಹಿಯಾಗಿ 2003ರ ನವೆಂಬರ್ 4ರಂದು ಜಾರಿಗೆ ಬಂದ ಹೊಸ ಒಪ್ಪಂದ ಹಳೆಯ ಮಿತಿಯನ್ನು ಕಿತ್ತುಹಾಕಿ ಹೊಣೆಯನ್ನು ಎರಡು ಹಂತಗಳಾಗಿ ವಿಂಗಡಿಸಿತು. ಮೊದಲ ಹಂತದಲ್ಲಿ, ತಪ್ಪು ಯಾರದಾದರೂ ಸಂಸ್ಥೆ ನಿಗದಿತ ಮೊತ್ತದವರೆಗಿನ ಹಾನಿಯನ್ನು ತುಂಬಿಕೊಡಲೇಬೇಕು. ಪ್ರಯಾಣಿಕನ ಸ್ವಂತ ನಿರ್ಲಕ್ಷ್ಯ ಮಾತ್ರ ಇದಕ್ಕೆ ಅಪವಾದ. ಅದಕ್ಕಿಂತ ಹೆಚ್ಚಿನ ಹಾನಿಗೂ ಸಂಸ್ಥೆಯೇ ಹೊಣೆ. ಅದರಿಂದ ಪಾರಾಗಬೇಕಾದರೆ ತನ್ನ ಕಡೆಯಿಂದ ನಿರ್ಲಕ್ಷ್ಯವಾಗಿಲ್ಲ ಅಥವಾ ಹಾನಿ ಸಂಪೂರ್ಣ ಬೇರೆಯವರ ತಪ್ಪಿನಿಂದ ಆಯಿತು ಎಂದು ಅದು ಸಾಬೀತು ಮಾಡಬೇಕು. ಮೊದಲ ಹಂತದ ಮೊತ್ತ ಆರಂಭದಲ್ಲಿ 1,00,000 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕಗಳಷ್ಟಿತ್ತು. 2009ರ ಕೊನೆಯಲ್ಲಿ 1,13,100, 2019ರ ಕೊನೆಯಲ್ಲಿ 1,28,821 ಆಗಿ, 2024ರ ಡಿಸೆಂಬರ್ 28ರಿಂದ 1,51,880ಕ್ಕೆ ಏರಿತು. ಇದು ಒಂದೂವರೆ ಕೋಟಿ ರೂಪಾಯಿಗೂ ಹೆಚ್ಚು.

ದಾವೆ ಹೂಡಬಹುದಾದ ಸ್ಥಳಗಳೂ ಹೆಚ್ಚಿದವು. ಸಂಸ್ಥೆಯ ನೆಲೆ, ಅದರ ಮುಖ್ಯ ಕಚೇರಿ, ಟಿಕೆಟ್ ಕೊಂಡ ಕಚೇರಿ, ತಲುಪಬೇಕಾದ ಊರು ಇವುಗಳ ಜೊತೆಗೆ ಪ್ರಯಾಣಿಕನ ಕಾಯಂ ವಾಸದ ದೇಶವೂ ಸೇರಿತು. ಆದರೆ ಆ ದೇಶಕ್ಕೆ ಸಂಸ್ಥೆಯ ಸೇವೆ ಮತ್ತು ವ್ಯವಹಾರ ಇರಬೇಕು. ಭಾರತ 2009ರಲ್ಲಿ ಒಪ್ಪಂದ ಸೇರಿತು. ಅದೇ ವರ್ಷದ ತಿದ್ದುಪಡಿ ಅದನ್ನು 1972ರ ಕಾಯ್ದೆಯ ಮೂರನೆಯ ಅನುಸೂಚಿಯಾಗಿಸಿತು.

ಮಂಗಳೂರು ದುರಂತ ಮತ್ತು ನಂತರ

ಹೊಸ ಕಾನೂನು ಬಂದು ಒಂದು ವರ್ಷ ತುಂಬುವ ಮೊದಲೇ ಅದಕ್ಕೆ ಕಠಿಣ ಪರೀಕ್ಷೆ ಎದುರಾಯಿತು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಮೃತಪಟ್ಟರು, ಎಂಟು ಮಂದಿ ಬದುಕುಳಿದರು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಮತ್ತು ಅವರ ಮನೆಯವರು ಮೃತರಲ್ಲಿ ಬಹಳಷ್ಟಿದ್ದರು. ಅಸ್ಥಿರವಾಗಿದ್ದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದೇ ದುರಂತಕ್ಕೆ ಕಾರಣವೆಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಹೇಳಿತು.

1 ಲಕ್ಷ ಎಸ್‌ಡಿಆರ್ ಪ್ರತಿ ಕುಟುಂಬಕ್ಕೂ ಸಲ್ಲಬೇಕಾದ ಕನಿಷ್ಠ ಮೊತ್ತವೇ, ಇಲ್ಲವೇ ಹಾನಿ ರುಜುವಾದಷ್ಟು ಮಾತ್ರ ಕೊಡಬೇಕೇ ಎಂಬುದು ವ್ಯಾಜ್ಯವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿಯನ್ನು ಕನಿಷ್ಠವೆಂದು 2011ರ ಜುಲೈನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಮುಂದಿನ ತಿಂಗಳೇ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿ, ಹಾನಿಯ ಪ್ರಮಾಣವನ್ನು ತೋರಿಸಲೇಬೇಕು ಎಂದಿತು.

ಅದೇ ದುರಂತದಲ್ಲಿ ಮೃತಪಟ್ಟ 45 ವರ್ಷದ ಉದ್ಯೋಗಿಯೊಬ್ಬರ ಕುಟುಂಬ ರಾಷ್ಟ್ರೀಯ ಗ್ರಾಹಕ ಆಯೋಗದ ಮೊರೆ ಹೋಗಿತ್ತು. 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಂಬಳದ ಭಾಗವಾದ ಭತ್ಯೆಗಳನ್ನು ಆದಾಯದಿಂದ ಕಳೆಯುವುದು ತಪ್ಪೆಂದು ಹೇಳಿ ಸುಮಾರು 7.64 ಕೋಟಿ ರೂಪಾಯಿ ಪರಿಹಾರವನ್ನು ಶೇ 9ರ ಬಡ್ಡಿಯೊಂದಿಗೆ ಮಂಜೂರು ಮಾಡಿತು. ಎರಡನೇ ಹಂತದ ಹೊಣೆಗೆ ಮೇಲ್ಮಿತಿ ಇಲ್ಲ ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ. ಆದರೆ ಆ ಕುಟುಂಬ ಅದಕ್ಕಾಗಿ ಹತ್ತು ವರ್ಷ ಕಾಯಬೇಕಾಯಿತು.

ನಿಲ್ದಾಣದಲ್ಲಾಗುವ ಗಾಯ

ಒದ್ದೆ ನೆಲದಲ್ಲಿ ಜಾರಿ ಬೀಳುವುದು, ಎಸ್ಕಲೇಟರಿನಲ್ಲಿ ಸಿಲುಕುವುದು, ಬ್ಯಾಟರಿ ವಾಹನ ಬಡಿಯುವುದು ಇವೆಲ್ಲ ಸಾಮಾನ್ಯವಾಗಿ ಮಾಂಟ್ರಿಯಲ್ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಆ ಜಾಗ ಯಾರ ಹತೋಟಿಯಲ್ಲಿತ್ತು ಎಂಬುದನ್ನು. ಅದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವಿರಬಹುದು, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿರುವಂತೆ ಕಂಪನಿಯಿರಬಹುದು, ಗ್ರೌಂಡ್ ಹ್ಯಾಂಡ್ಲಿಂಗ್ ಗುತ್ತಿಗೆದಾರರಿರಬಹುದು, ಅಂಗಡಿಯವರೂ ಇರಬಹುದು. 1999ರ ಡಿಸೆಂಬರ್‌ನಲ್ಲಿ ದೆಹಲಿ ನಿಲ್ದಾಣದ ಎಸ್ಕಲೇಟರಿಗೆ ಸಿಲುಕಿ ಎಂಟು ವರ್ಷದ ಬಾಲಕಿ ಸತ್ತ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2004ರಲ್ಲಿ ಪ್ರಾಧಿಕಾರವನ್ನು ಹೊಣೆ ಮಾಡಿತು. 2024ರ ಜೂನ್ 28ರಂದು ದೆಹಲಿಯ ಟರ್ಮಿನಲ್ 1ರ ಚಾವಣಿ ಕುಸಿದು ಒಬ್ಬರು ಸತ್ತಾಗ ಸರ್ಕಾರ 20 ಲಕ್ಷ ರೂಪಾಯಿ ಘೋಷಿಸಿತು. ಇಂಥ ಘೋಷಣೆ ಸರ್ಕಾರದ ನೆರವು. ನ್ಯಾಯಾಲಯದಲ್ಲಿ ಪರಿಹಾರ ಕೇಳುವ ಹಕ್ಕು ಅದರಿಂದ ಮುಗಿದುಹೋಗುವುದಿಲ್ಲ.

ಇಂದಿನ ಮಾರ್ಗಗಳು

ಭಾರತದಲ್ಲಿ ಗಾಯಾಳುವಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಸಂಸ್ಥೆಗೆ ನೇರವಾಗಿ ಕ್ಲೇಮು ಸಲ್ಲಿಸುವುದು. ತುರ್ತು ಖರ್ಚಿಗೆ ಮುಂಗಡ ಪಡೆಯಲು ಮಾಂಟ್ರಿಯಲ್ ಒಪ್ಪಂದದಲ್ಲಿ ಅವಕಾಶವಿದೆ. ಮುಂಗಡ ಕೊಟ್ಟ ಮಾತ್ರಕ್ಕೆ ಸಂಸ್ಥೆ ತಪ್ಪು ಒಪ್ಪಿಕೊಂಡಂತಾಗದು, ಪಡೆದವರ ಹಕ್ಕೂ ಕಳೆದುಹೋಗದು. 2024ರ ಮೇ ತಿಂಗಳಲ್ಲಿ ವಿಮಾನ ಗಾಳಿಯ ತೀವ್ರ ಕುಲುಕಾಟಕ್ಕೆ ಸಿಕ್ಕಾಗ ಸಿಂಗಪುರ ಏರ್‌ಲೈನ್ಸ್ ಗಂಭೀರವಾಗಿ ಗಾಯಗೊಂಡವರಿಗೆ 25,000 ಡಾಲರ್ ಮುಂಗಡ ನೀಡಲು ಮುಂದೆ ಬಂದದ್ದು ಇಂಥ ವ್ಯವಸ್ಥೆಗೆ ನಿದರ್ಶನ. ಆದರೆ 'ಪೂರ್ಣ ಮತ್ತು ಅಂತಿಮ' ಎಂದು ಬರೆದ ಪತ್ರಕ್ಕೆ ಹಾಕುವ ಸಹಿ ಮುಂದಿನ ಬಾಗಿಲನ್ನು ಮುಚ್ಚಬಲ್ಲದು. ವಕೀಲರಿಗೆ ತೋರಿಸದೆ ಅದಕ್ಕೆ ಸಹಿ ಮಾಡಬಾರದು.

ಎರಡನೆಯದು ಗ್ರಾಹಕ ಆಯೋಗ. 2011ರಲ್ಲಿ ಸುಪ್ರೀಂ ಕೋರ್ಟ್, ವಾರ್ಸಾ ನಿಯಮಗಳ ಮಟ್ಟಿಗೆ ಗ್ರಾಹಕ ವೇದಿಕೆಯೂ ನ್ಯಾಯಾಲಯವೇ ಎಂದು ಸ್ಪಷ್ಟಪಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಯಾವ ಆಯೋಗಕ್ಕೆ ಹೋಗಬೇಕು ಎಂಬುದನ್ನು ಕೇಳುವ ಪರಿಹಾರ ನಿರ್ಧರಿಸುವುದಿಲ್ಲ, ಸೇವೆಗೆ ಕೊಟ್ಟ ಹಣ ನಿರ್ಧರಿಸುತ್ತದೆ. ಟಿಕೆಟ್ ದರ ಜಿಲ್ಲಾ ಆಯೋಗದ ಮಿತಿಯಾದ 50 ಲಕ್ಷ ರೂಪಾಯಿ ದಾಟುವುದು ಅಪರೂಪವಾದ್ದರಿಂದ ಕೋಟಿಗಳ ಕ್ಲೇಮು ಕೂಡ ಅಲ್ಲೇ ಆರಂಭವಾಗುತ್ತದೆ. ಈ ಏರ್ಪಾಡನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಮೂರನೆಯದು ಸಿವಿಲ್ ದಾವೆ. ಸಾವು ಸಂಭವಿಸಿದಾಗ 1855ರ ಮಾರಣಾಂತಿಕ ಅಪಘಾತ ಕಾಯ್ದೆಯೂ ನೆರವಿಗಿದೆ. ಕೆಲಸದಲ್ಲಿದ್ದಾಗ ಗಾಯಗೊಂಡ ಸಿಬ್ಬಂದಿಗೆ ನೌಕರರ ಪರಿಹಾರದ ಕಾನೂನು ಬೇರೆಯೇ ಇದೆ. ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಅಹವಾಲು ಆಲಿಸುತ್ತದೆಯೇ ಹೊರತು ಗಾಯದ ಪರಿಹಾರ ತೀರ್ಮಾನಿಸುವುದಿಲ್ಲ.

ಕಾಲಮಿತಿ ಈ ಕಾನೂನಿನ ಅತ್ಯಂತ ಕಟುವಾದ ಭಾಗ. ವಿಮಾನ ತಲುಪಿದ ಅಥವಾ ತಲುಪಬೇಕಿದ್ದ ದಿನದಿಂದ ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಮಾಂಟ್ರಿಯಲ್ ಹಕ್ಕೇ ನಶಿಸುತ್ತದೆ. ಗ್ರಾಹಕ ದೂರಿಗೂ ಎರಡು ವರ್ಷದ ಗಡುವಿದೆ. ತಕ್ಕ ಕಾರಣವಿದ್ದರೆ ಆಯೋಗ ವಿಳಂಬವನ್ನು ಮನ್ನಿಸಬಹುದು. ಸಂಸ್ಥೆಯೊಡನೆ ಪತ್ರವ್ಯವಹಾರ ನಡೆಯುತ್ತಿದೆ ಎಂಬ ಭರವಸೆಯಲ್ಲಿ ಗಡುವು ಮೀರಗೊಡಬಾರದು. ಬೋರ್ಡಿಂಗ್ ಪಾಸ್, ನಿಲ್ದಾಣದ ವೈದ್ಯಕೀಯ ಕೊಠಡಿಯ ಚೀಟಿ, ಸಿಬ್ಬಂದಿ ಬರೆದುಕೊಂಡ ವರದಿ, ಫೋಟೋಗಳು, ಆಸ್ಪತ್ರೆಯ ಬಿಲ್ಲುಗಳು, ಆದಾಯದ ದಾಖಲೆ ಇವು ಹಾನಿಯನ್ನು ರುಜುಪಡಿಸುವ ಆಧಾರಗಳು. ಸಿಸಿಟಿವಿ ದೃಶ್ಯಗಳು ಅಳಿಸಿಹೋಗುವ ಮುನ್ನವೇ ಅವನ್ನು ಕಾಪಿಡುವಂತೆ ಲಿಖಿತವಾಗಿ ಕೇಳಬೇಕಾಗುತ್ತದೆ.

ಉಳಿದಿರುವ ಕೊರತೆಗಳು

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾ ವಿಮಾನ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದು ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ ಸತ್ತರು; ನೆಲದ ಮೇಲಿದ್ದವರೂ ಪ್ರಾಣ ಕಳೆದುಕೊಂಡರು. ಪ್ರಯಾಣಿಕರ ಕುಟುಂಬಗಳಿಗೆ ಮಾಂಟ್ರಿಯಲ್‌ನ ರಕ್ಷಣೆಯಿತ್ತು. ಟಿಕೆಟ್ಟೇ ಇಲ್ಲದ, ಊಟಕ್ಕೆ ಕುಳಿತಿದ್ದ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ. ಅವರ ಮನೆಯವರು ನಿರ್ಲಕ್ಷ್ಯದ ಸಾಮಾನ್ಯ ಕಾನೂನನ್ನೇ ನೆಚ್ಚಬೇಕು. ದೇಶೀಯ ಪ್ರಯಾಣಿಕನ 20 ಲಕ್ಷ ಮತ್ತು ಅಂತರರಾಷ್ಟ್ರೀಯ ಪ್ರಯಾಣಿಕನ ಒಂದೂವರೆ ಕೋಟಿಗೂ ಮೀರಿದ ಮೊತ್ತದ ನಡುವೆಯೂ ಇಂಥದೇ ಅಂತರವಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟವರಿಗೂ ದುಬೈಗೆ ಹೊರಟವರಿಗೂ ಆಗುವ ಗಾಯ ಒಂದೇ, ಮನೆಗೆ ತಟ್ಟುವ ನಷ್ಟವೂ ಒಂದೇ. ಎಳೆಯ ಉದ್ಯಮವನ್ನು ಕಾಯಲು 1929ರಲ್ಲಿ ಹಾಕಿದ ಮಿತಿಗೆ ಈಗ ಯಾವ ಸಮರ್ಥನೆಯೂ ಉಳಿದಿಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅಪಾಯದ ಹೊರೆಯನ್ನು ಸಂಸ್ಥೆಗೆ ವಹಿಸಿದ ಈ ಕಾನೂನು ದೇಶೀಯ ಪ್ರಯಾಣಿಕರಿಗೂ ನೆಲದ ಮೇಲಿನ ಸಂತ್ರಸ್ತರಿಗೂ ಅದೇ ನ್ಯಾಯ ಕೊಡಬೇಕಾಗಿದೆ, ಅದನ್ನು ಹತ್ತು ವರ್ಷ ಕಾಯಿಸದೆ ಕೊಡಬೇಕಾಗಿದೆ.